ಎಕ್ಸೆಲ್ ಮ್ಯಾಕ್ರೋಗಳಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬದಲಾಗುವ ದೋಷಗಳು

ಎಕ್ಸೆಲ್ ಕಡತದೊಳಗೆ ಬರೆದಿಟ್ಟ ಆದೇಶಗಳ ಸರಣಿಯಾದ ಮ್ಯಾಕ್ರೋ ಒಂದು ಕಂಪ್ಯೂಟರಿನಲ್ಲಿ ಸುಸೂತ್ರವಾಗಿ ನಡೆದು ಇನ್ನೊಂದರಲ್ಲಿ ಮುಗ್ಗರಿಸಿದಾಗ ಆದೇಶಗಳ ಸಾಲುಗಳನ್ನೇ ತಿದ್ದತೊಡಗುವುದು ರೂಢಿಯಾಗಿದೆ. ಆದರೆ ಎರಡೂ ಕಡೆ ಇರುವುದು ಅವೇ ಸಾಲುಗಳಾದ್ದರಿಂದ ಕಾರಣವನ್ನು ಮೊದಲು ಕಡತದ ಹೊರಗೆ ಹುಡುಕುವುದೇ ಯುಕ್ತ.

1993ರಲ್ಲಿ ಎಕ್ಸೆಲ್ 5ರೊಂದಿಗೆ ಬಂದ, ಮ್ಯಾಕ್ರೋಗಳನ್ನು ಬರೆಯುವ ವಿಬಿಎ ಭಾಷೆಯು ಹಲವು ಕೆಲಸಗಳಿಗೆ ಆಯಾ ಕಂಪ್ಯೂಟರಿನಲ್ಲಿರುವ ಲೈಬ್ರರಿಗಳನ್ನು, ಎಂದರೆ ಸಿದ್ಧ ಆದೇಶಗಳ ಸಂಗ್ರಹಗಳನ್ನು, ಅವಲಂಬಿಸುತ್ತದೆ. ಹೊಸ ಆವೃತ್ತಿಯ ಆಫೀಸ್‌ನಲ್ಲಿ ತೆರೆದು ಉಳಿಸಿದ ಕಡತದಲ್ಲಿ ಔಟ್‌ಲುಕ್ ಲೈಬ್ರರಿಯ ರೆಫರೆನ್ಸ್, ಎಂದರೆ ಅದರತ್ತ ಬೊಟ್ಟುಮಾಡುವ ನಮೂದು, ಹೊಸ ಆವೃತ್ತಿಗೆ ಏರುತ್ತದೆಯೇ ಹೊರತು, ಹಳೆಯ ಆವೃತ್ತಿಗೆ ಮರಳಿದಾಗ ತಾನಾಗಿ ಇಳಿಯುವುದಿಲ್ಲ. ಆಗ ಲೈಬ್ರರಿ ಸಿಗಲಿಲ್ಲವೆಂಬ ಸಂದೇಶದೊಡನೆ, ಔಟ್‌ಲುಕ್‌ಗೆ ಯಾವ ಸಂಬಂಧವೂ ಇಲ್ಲದ ‘ಲೆಫ್ಟ್’ ಅಥವಾ ‘ಡೇಟ್’ ಎಂಬ ಸಾಮಾನ್ಯ ಫಂಕ್ಷನ್ನಿನ ಮೇಲೆ ಗುರುತು ಬೀಳಬಹುದು. ದೋಷ ಕಾಣುವ ಜಾಗವೇ ದೋಷದ ಮೂಲವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ವಿರಳ. ವಿಬಿಎ ಸಂಪಾದಕದ ಟೂಲ್ಸ್ ಮೆನುವಿನ ರೆಫರೆನ್ಸಸ್ ಪಟ್ಟಿಯಲ್ಲಿ ‘ಮಿಸ್ಸಿಂಗ್’ ಎಂದಿರುವ ಸಾಲಿನ ಗುರುತು ತೆಗೆದು, ‘ಕ್ರಿಯೇಟ್‌ಆಬ್ಜೆಕ್ಟ್’ ಮೂಲಕ ಮ್ಯಾಕ್ರೋ ನಡೆಯುವಾಗಲೇ ಲೈಬ್ರರಿಯನ್ನು ಕರೆಯುವಂತೆ ಬರೆದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಆಫೀಸ್ 2010ರಿಂದ ದೊರೆಯುತ್ತಿರುವ 64 ಬಿಟ್ ಆವೃತ್ತಿಯಲ್ಲಿ ವಿಂಡೋಸ್‌ನ ಫಂಕ್ಷನ್‌ಗಳನ್ನು ಘೋಷಿಸುವ ಸಾಲಿಗೆ ‘ಪಿಟಿಆರ್‌ಸೇಫ್’ ಎಂಬ ಪದ ಸೇರದಿದ್ದರೆ ಮ್ಯಾಕ್ರೋ ಆರಂಭವಾಗುವುದೇ ಇಲ್ಲ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಕಡತಗಳ ಮ್ಯಾಕ್ರೋಗಳನ್ನು 2022ರಿಂದ ಆಫೀಸ್ ತಾನಾಗಿಯೇ ತಡೆಯುತ್ತಿದ್ದು, ಕಡತ ನಂಬಲರ್ಹವಾಗಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಒತ್ತಬೇಕಾಗುತ್ತದೆ. ಕನ್ನಡದ ಬಳಕೆದಾರರಿಗೆ ಇನ್ನೊಂದು ತೊಡಕೂ ಉಂಟು: ವಿಬಿಎ ಸಂಪಾದಕವು ಯೂನಿಕೋಡನ್ನು ಅರಿಯದ ಕಾರಣ ಆದೇಶದೊಳಗೆ ಬರೆದ ಕನ್ನಡ ಪದ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ; ಅಂಥ ಪದಗಳನ್ನು ಹಾಳೆಯ ಕೋಶದಲ್ಲಿಟ್ಟು ಓದಿಸಿಕೊಳ್ಳುವುದು ಸುಲಭದ ದಾರಿ.

ಇವೆಲ್ಲ ಎದುರಿಗೇ ಕಾಣುವ ದೋಷಗಳು. ಹೆಚ್ಚು ಅಪಾಯಕಾರಿಯಾದದ್ದು ಯಾವ ಸಂದೇಶವನ್ನೂ ಕೊಡದ ದಿನಾಂಕದ ದೋಷ. ಪಠ್ಯವನ್ನು ದಿನಾಂಕವಾಗಿಸುವ ‘ಸಿಡೇಟ್’ ಫಂಕ್ಷನ್ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗನ್ನು ಅನುಸರಿಸುವುದರಿಂದ 03/04/2024 ಎಂಬುದು ಭಾರತದ ಸೆಟ್ಟಿಂಗಿನಲ್ಲಿ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗಿನಲ್ಲಿ ಮಾರ್ಚ್ 4. ಆದರೆ 13/04/2024 ಎಂದಿದ್ದರೆ, ಹದಿಮೂರನೆಯ ತಿಂಗಳಿಲ್ಲದ ಕಾರಣ, ಅಮೆರಿಕದ ಸೆಟ್ಟಿಂಗಿನಲ್ಲೂ ಅದು ಸದ್ದಿಲ್ಲದೆ ಏಪ್ರಿಲ್ 13 ಆಗುತ್ತದೆ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳ ದಾಖಲೆ ಬಹುಪಾಲು ತಿರುಚಿಕೊಂಡು, ಉಳಿದವು ಸರಿಯಾಗಿರುವುದರಿಂದ, ಮೇಲ್ನೋಟದ ಪರಿಶೀಲನೆಗೆ ತಪ್ಪು ಸಿಕ್ಕುವುದೇ ಕಷ್ಟ. ವರ್ಷ, ತಿಂಗಳು, ದಿನಗಳನ್ನು ಬಿಡಿಬಿಡಿಯಾಗಿ ಪಡೆಯುವ ‘ಡೇಟ್‌ಸೀರಿಯಲ್’ ಫಂಕ್ಷನ್ ಮಾತ್ರ ಯಾವ ಸೆಟ್ಟಿಂಗಿನಲ್ಲೂ ಒಂದೇ ಉತ್ತರ ಕೊಡುತ್ತದೆ.