ಗಾಜಿನ ಮನೆಯ ಪಚ್ಚಬಾಳೆ

ನಮ್ಮ ಬೆಂಗಳೂರಿನ ಹೆಂಗಸರಿಗೆ ಪಚ್ಚಬಾಳೆಯ ಮೇಲೆ ಅಷ್ಟೇನೂ ಗೌರವವಿಲ್ಲ. ಗಾಂಧಿ ಬಜಾರಿನಲ್ಲಾಗಲಿ, ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಾಗಲಿ ಹಬ್ಬದ ಹಿಂದಿನ ದಿನ ಸ್ವಲ್ಪ ಹೊತ್ತು ನಿಂತು ನೋಡಿ. ತಾಂಬೂಲಕ್ಕೆ, ನೈವೇದ್ಯಕ್ಕೆ, ಮಡಿಲು ತುಂಬುವುದಕ್ಕೆ ಏಲಕ್ಕಿ ಬಾಳೆಯೇ ಆಗಬೇಕು. ಪಚ್ಚಬಾಳೆ ಅಂಗಡಿಯ ಒಂದು ಮೂಲೆಯಲ್ಲಿ, ಮದುವೆಮನೆಗೆ ಬಂದ ಬಡ ನೆಂಟನ ಹಾಗೆ ಕೂತಿರುತ್ತದೆ. ಮಕ್ಕಳ ಹಾಲಿನ ಜೊತೆಗೆ ಆಯಿತು, ಹಲ್ಲಿಲ್ಲದ ಅಜ್ಜನಿಗೆ ಆಯಿತು, ಹೆಚ್ಚೆಂದರೆ ರಸಾಯನಕ್ಕಾಯಿತು. ಅದರ ಮೇಲೆ "ಅದು ಶೀತ ಕಣೇ, ರಾತ್ರಿ ತಿನ್ನಬೇಡ" ಎಂಬ ದೂರು ಬೇರೆ.

ಶೀತ ಎಂದು ನಾವು ದೂರುವ ಈ ಹಣ್ಣಿನ ಗಿಡಕ್ಕೆ ಶೀತ ಕಂಡರೇ ಆಗದು. ಆದರೂ ಅದಕ್ಕೆ ಹೊರಜಗತ್ತಿನಲ್ಲಿರುವ ಹೆಸರು ಬಂದದ್ದು ಹಿಮ ಬೀಳುವ ಊರಿನಿಂದ. ಕ್ಯಾವೆಂಡಿಷ್ ಎಂದು ಅದರ ಹೆಸರು. ಕ್ಯಾವೆಂಡಿಷ್ ಎನ್ನುವುದು ಇಂಗ್ಲೆಂಡಿನ ಡೆವನ್‌ಷೈರ್ ಡ್ಯೂಕರ ಮನೆತನ. ಬಾಳೆಗೂ ಡ್ಯೂಕನಿಗೂ ಎಲ್ಲಿಯ ಸಂಬಂಧ ಎಂದು ನನಗೂ ಅನ್ನಿಸಿತ್ತು. ನನ್ನ ಮಗಳು ಶೆಫೀಲ್ಡಿನಲ್ಲಿ ಸಂಸಾರ ಹೂಡಿದ್ದಾಳೆ. ಅಲ್ಲಿಂದ ಒಂದು ಗಂಟೆಯ ಹಾದಿಯೊಳಗೇ ಆ ಡ್ಯೂಕರ ಚಾಟ್ಸ್‌ವರ್ತ್ ಅರಮನೆ. ಒಮ್ಮೆ ಹೋದಾಗ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಆಮೇಲೆ ಅದರ ಕಥೆಯನ್ನು ಓದುವ ಹುಚ್ಚು ನನಗೆ ಹತ್ತಿತು.

ಅದಕ್ಕೆ ಮೊದಲು ನಮ್ಮ ಹಿತ್ತಲಿನ ಒಂದು ಮಾತು ಹೇಳಿಬಿಡುತ್ತೇನೆ. ರಾಜಗೋಪಾಲಾಚಾರಿಯವರು 1948ರಲ್ಲಿ ಅಡಿಗಲ್ಲಿಟ್ಟ ಜಯನಗರದಲ್ಲಿ ಬಾಳೆಗೆಂದು ಯಾರೂ ಪ್ರತ್ಯೇಕ ಜಾಗ ಬಿಡಬೇಕಾಗಿರಲಿಲ್ಲ. ಬಚ್ಚಲ ನೀರು ಎಲ್ಲಿ ಹರಿಯುತ್ತಿತ್ತೋ ಅಲ್ಲಿ ಬಾಳೆ. ನಾನು ಸೊಸೆಯಾಗಿ ಬಂದ ಮನೆಯಲ್ಲೂ ಹಾಗೆಯೇ. ಸೀಗೆಪುಡಿಯ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದಕ್ಕೇ. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. 1884ರ ಜನವರಿ 13ರಂದು ಇಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು, ಅದೇ ಈ ಊರಿನ ದಾಖಲೆ. ಅಷ್ಟು ಬೇಡ, ಮಾಮೂಲಿ ಮಾರ್ಗಶಿರ ಪುಷ್ಯಮಾಸದ ಬೆಳಗುಗಳೇ ಬಾಳೆಗೆ ಸಾಕು. ಬೇಸಿಗೆಯಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಂದು ಸುಳಿ ಬಿಚ್ಚುತ್ತಿದ್ದ ಗಿಡ ಸಂಕ್ರಾಂತಿಯ ಹೊತ್ತಿಗೆ ಸುಮ್ಮನೆ ನಿಂತುಬಿಡುತ್ತಿತ್ತು. 14 ಡಿಗ್ರಿಯ ಆಸುಪಾಸಿಗೆ ಇಳಿದರೆ ಬಾಳೆ ಬೆಳೆಯುವುದನ್ನೇ ನಿಲ್ಲಿಸುತ್ತದೆಯಂತೆ.

ಬಾಳೆಯ ಕಂಬ ಕಂಬವಲ್ಲ, ಎಲೆಯ ತೊಟ್ಟುಗಳು ಒಂದರ ಮೇಲೊಂದು ಸುತ್ತಿಕೊಂಡದ್ದು ಎಂಬುದು ದಿಂಡಿನ ಪಲ್ಯ ಹೆಚ್ಚಿದ ಯಾವ ಹೆಂಗಸಿಗೂ ಪಾಠ ಹೇಳಬೇಕಾಗಿಲ್ಲ. ಹೂವು ಹುಟ್ಟುವುದು ನೆಲದೊಳಗಿನ ಗೆಡ್ಡೆಯಲ್ಲಿ. ಆ ಸುರುಳಿಗಳ ನಡುವೆ ಏರಿ ಏರಿ ತುದಿಗೆ ಬಂದು ಮೂತಿ ಹೊರಗೆ ಹಾಕಬೇಕು. ಅದು ಏರುವ ಹೊತ್ತಿನಲ್ಲಿ ಚಳಿ ಹಿಡಿದರೆ ಮೇಲಿನ ಎಲೆಗಳು ಗುತ್ತಾಗಿ ಬಿಗಿದುಕೊಂಡು ಗೊನೆ ಅಲ್ಲೇ ಸಿಕ್ಕಿಬೀಳುತ್ತದೆ. ಗಿಡ್ಡ ಜಾತಿಯ ಪಚ್ಚಬಾಳೆಗೆ ಈ ಕಾಟ ಹೆಚ್ಚು. ನಮ್ಮತ್ತೆ ಅದನ್ನು ನೋಡಿ "ಪಾಪ, ಗಂಟಲಲ್ಲೇ ನಿಂತಿದೆ" ಎನ್ನುತ್ತಿದ್ದರು. ತೋಟಗಾರಿಕೆಯ ಪುಸ್ತಕಗಳಲ್ಲಿ ಈ ತೊಂದರೆಗಿರುವ ಇಂಗ್ಲಿಷ್ ಹೆಸರಿಗೂ ಗಂಟಲು ಕಟ್ಟುವುದು ಎಂದೇ ಅರ್ಥ. ಅತ್ತೆ ಪುಸ್ತಕ ಓದಿದವರಲ್ಲ.

ಬೆಂಗಳೂರಿನ ಚಳಿಗೇ ಹೀಗಾದರೆ ಚಾಟ್ಸ್‌ವರ್ತಿನ ಗತಿಯೇನು? ಅಲ್ಲಿಗೆ 1826ರ ಮೇ 9ರ ಬೆಳಗಿನ ಜಾವ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಬಡ ರೈತನ ಮಗ ತೋಟದ ಮೇಲ್ವಿಚಾರಕನಾಗಿ ಬಂದ. ಇನ್ನೂ 23 ತುಂಬಿರಲಿಲ್ಲ. ಬಾಗಿಲು ತೆರೆದಿರಲಿಲ್ಲವಾಗಿ ಗೋಡೆ ಹತ್ತಿ ಒಳಗೆ ಇಳಿದ, ತೋಟವೆಲ್ಲ ಸುತ್ತಿದ, ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದ, ಆಮೇಲೆ ಅರಮನೆಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸಿನೊಡನೆ ತಿಂಡಿಗೆ ಕೂತ. ಅಲ್ಲಿ ಆಕೆಯ ಸೋದರಿಯ ಕಡೆಯ ಹುಡುಗಿ ಸಾರಾ ಇದ್ದಳು. ಒಂಬತ್ತು ಗಂಟೆಯೊಳಗೆ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಯಾಗಿತ್ತು ಎಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಮರುವರ್ಷ ಮದುವೆಯೂ ಆಯಿತು. ಸಾರಾಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಗಂಡ ಡ್ಯೂಕನ ಜೊತೆ ದೇಶ ಸುತ್ತುವಾಗ, ಊರೂರಿನಲ್ಲಿ ಕಟ್ಟಡ ಕಟ್ಟಿಸುವಾಗ, ತೋಟದ ಲೆಕ್ಕ, ಆಳುಗಳ ಕೂಲಿ ಎಲ್ಲವನ್ನೂ ನೋಡಿಕೊಂಡವಳು ಅವಳು. ಪ್ಯಾಕ್ಸ್‌ಟನ್ನನ ಹೆಸರು ಗೊತ್ತಿರುವ ನೂರು ಜನರಲ್ಲಿ ಎಷ್ಟು ಮಂದಿಗೆ ಅವಳ ಹೆಸರು ಗೊತ್ತಿದ್ದೀತು? ಇದೇನೂ ಇಂಗ್ಲೆಂಡಿಗೇ ವಿಶೇಷವಾದದ್ದಲ್ಲ, ಬಿಡಿ.

ದಕ್ಷಿಣ ಚೀನಾದ ಒಂದು ಗಿಡ್ಡ ಬಾಳೆ ಮಾರಿಷಸ್ ದ್ವೀಪದ ಮೂಲಕ ಇಂಗ್ಲೆಂಡಿಗೆ ಬಂದು ಪ್ಯಾಕ್ಸ್‌ಟನ್ನನ ಕೈ ಸೇರಿತು. ಅದಕ್ಕೆ ಗಾಜಿನ ಮನೆಯಲ್ಲಿ ಜಾಗ, ದೊಡ್ಡ ತೊಟ್ಟಿ, ಗೊಬ್ಬರದ ಮಣ್ಣು, ಹಗಲೂ ರಾತ್ರಿ ಒಲೆಯ ಕಾವು. 1835ರ ನವೆಂಬರಿನಲ್ಲಿ, ಹೊರಗೆ ಕೊರೆಯುವ ಚಳಿಯಿದ್ದಾಗ, ಅದು ಹೂ ಬಿಟ್ಟಿತು. ಮುಂದಿನ ಬೇಸಿಗೆಯ ಹೊತ್ತಿಗೆ ನೂರಕ್ಕೂ ಹೆಚ್ಚು ಕಾಯಿಯ ಗೊನೆ. ಲಂಡನ್ನಿನ ತೋಟಗಾರಿಕಾ ಸಂಘ ಪದಕ ಕೊಟ್ಟಿತು. ಯಜಮಾನ, ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಷನ ಹೆಸರನ್ನು ಪ್ಯಾಕ್ಸ್‌ಟನ್ ಗಿಡಕ್ಕಿಟ್ಟ. ಒಂದು ಗೊನೆ ಬಾಳೆಗೆ ಪದಕವೇ ಎಂದು ನಮ್ಮ ನಂಜನಗೂಡಿನ ರೈತ ನಕ್ಕಾನು.

ಆ ಹುಮ್ಮಸ್ಸಿನಲ್ಲೇ 1836ರಲ್ಲಿ ಪ್ಯಾಕ್ಸ್‌ಟನ್ ಇನ್ನೂ ಭಾರಿ ಗಾಜಿನ ಮನೆಗೆ ಕೈ ಹಾಕಿದ. ಮುಗಿದದ್ದು 1841ರಲ್ಲಿ. 277 ಅಡಿ ಉದ್ದ. ನೆಲದಡಿ ಎಂಟು ಬಾಯ್ಲರುಗಳು, ಬಿಸಿನೀರು ಹರಿಯಲು ಏಳು ಮೈಲಿ ಕೊಳವೆ. ಕಲ್ಲಿದ್ದಲು ತರುವುದು ನೋಡುವವರ ಕಣ್ಣಿಗೆ ಬೀಳಬಾರದೆಂದು ಅದಕ್ಕೊಂದು ಸುರಂಗದ ಹಳಿ. 1843ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಒಳಗೆ ದೀಪ ಹಚ್ಚಿ ಸಾರೋಟಿನಲ್ಲೇ ಸುತ್ತು ಹಾಕಿಸಿದರು. ಸುರಂಗದಲ್ಲಿ ಕಲ್ಲಿದ್ದಲು ತಳ್ಳಿದವರ ಹೆಸರನ್ನು ನಾನು ಎಲ್ಲೂ ಓದಲಿಲ್ಲ.

ಈಗ ಲಾಲ್‌ಬಾಗಿಗೆ ಬನ್ನಿ. ಗಾಜು ಕಬ್ಬಿಣಗಳ ಇದೇ ಅನುಭವದ ಮೇಲೆ ಪ್ಯಾಕ್ಸ್‌ಟನ್ 1851ರ ಲಂಡನ್ ಮಹಾಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ. ಆ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಎದ್ದಿತು. ಜಾನ್ ಕ್ಯಾಮರನ್ ಮೇಲ್ವಿಚಾರಕರಾಗಿದ್ದ ಕಾಲ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ. ಸಿದ್ದಾಪುರದ ಬಾಗಿಲಿನಿಂದ ಒಳಗೆ ಹೋಗಿ, ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಮಕ್ಕಳ ಕೈ ಹಿಡಿದು ಆ ಗಾಜಿನ ಮನೆಯನ್ನು ನಾನು ಎಷ್ಟು ಸಲ ಸುತ್ತಿದ್ದೇನೋ. ಅದರ ವಂಶಾವಳಿಯಲ್ಲಿ ನಮ್ಮ ಬುಟ್ಟಿಯ ಪಚ್ಚಬಾಳೆಯೂ ಇದೆ ಎಂಬುದು ಆಗ ಯಾರಿಗೆ ಹೊಳೆದೀತು! ಚಳಿನಾಡಿನಲ್ಲಿ ಕಾವು ಹಿಡಿದಿಡಲು ಹುಟ್ಟಿದ ಕಟ್ಟಡ ಇಲ್ಲಿಗೆ ಬಂದು ಒಲೆಯೂ ಬೇಡದೆ, ಬಾಯ್ಲರೂ ಬೇಡದೆ ಹೂವಿನ ಪ್ರದರ್ಶನದ ಚಪ್ಪರವಾಯಿತು.

ಪ್ಯಾಕ್ಸ್‌ಟನ್ನನ ಬಾಳೆಯ ಕಂದುಗಳನ್ನು ಜಾನ್ ವಿಲಿಯಮ್ಸ್ ಎಂಬ ಪಾದ್ರಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ಸಮೋವಾ ದ್ವೀಪಕ್ಕೆ ಒಯ್ದ. ದಾರಿಯಲ್ಲಿ ಉಳಿದದ್ದು ಒಂದೇ ಗಿಡ. 1839ರಲ್ಲಿ ಆ ಪಾದ್ರಿ ಮತ್ತೊಂದು ದ್ವೀಪದಲ್ಲಿ ಕೊಲೆಯಾದ, ಬಾಳೆ ಮಾತ್ರ ಶಾಂತಸಾಗರದ ದ್ವೀಪಗಳಲ್ಲೆಲ್ಲ ಹಬ್ಬಿತು. ಜಗತ್ತಿನ ಕ್ಯಾವೆಂಡಿಷ್ ಬಾಳೆಯೆಲ್ಲ ಚಾಟ್ಸ್‌ವರ್ತಿನ ಆ ಒಂದು ಗಿಡದ ಮಕ್ಕಳು ಎಂದು ಉತ್ಸಾಹದಿಂದ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂರ್ವ ದೇಶಗಳ ಜನ ಡ್ಯೂಕ್ ಹುಟ್ಟುವ ಎಷ್ಟೋ ಮೊದಲೇ ಈ ಜಾತಿಯನ್ನು ಬೆಳೆದು, ಕಂದು ಕಿತ್ತು, ನೆರೆಯವರಿಗೆ ಕೊಟ್ಟು ಹಬ್ಬಿಸಿದ್ದರು. ಇಂಗ್ಲೆಂಡ್ ಕೊಟ್ಟದ್ದು ಹೆಸರು. ನಮ್ಮಲ್ಲೂ ಬಾಳೆ ನಡೆದದ್ದು ಹಿತ್ತಲಿಂದ ಹಿತ್ತಲಿಗೆ, ಗೋಣಿಚೀಲದಲ್ಲಿ ಕಟ್ಟಿದ ಕಂದಾಗಿಯೇ.

ಆ ಹೆಸರು ಮನೆಮಾತಾದದ್ದು ತೀರ ಈಚೆಗೆ. ಪಶ್ಚಿಮ ದೇಶದವರು ಮೊದಲು ತಿನ್ನುತ್ತಿದ್ದದ್ದು ಗ್ರೋ ಮಿಷೆಲ್ ಎಂಬ ಬಾಳೆ. ಪನಾಮಾ ಸೊರಗು ರೋಗ ಅದರ ತೋಟಗಳನ್ನು ಒರೆಸಿಹಾಕಿದ ಮೇಲೆ, 1950-60ರ ದಶಕಗಳಲ್ಲಿ, ಆ ಜಾಗಕ್ಕೆ ಕ್ಯಾವೆಂಡಿಷ್ ಬಂತು. ನಮ್ಮ ನಂಜನಗೂಡು ರಸಬಾಳೆಯನ್ನು ಅಪರೂಪ ಮಾಡಿದ್ದೂ ಅದೇ ಸೊರಗು ರೋಗ.

ಚಳಿಯ ಇನ್ನೊಂದು ಚಮತ್ಕಾರ ಕೇಳಿ. ಲಂಡನ್ನಿನ ಅಂಗಡಿಯಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುವ ಹಣ್ಣೂ ನಮ್ಮ ಪಚ್ಚಬಾಳೆಯೂ ಒಂದೇ ಬಳಗ. ಈ ಜಾತಿ 24 ಡಿಗ್ರಿಗಿಂತ ಹೆಚ್ಚಿನ ಸೆಕೆಯಲ್ಲಿ ಹಣ್ಣಾದರೆ ಒಳಗೆ ಮೆತ್ತಗಾಗಿ ಸಿಹಿಯಾದರೂ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ. ತಂಪಿನಲ್ಲಿ, 14ರಿಂದ 18 ಡಿಗ್ರಿಯಲ್ಲಿ ಹಣ್ಣು ಮಾಡಿದರೆ ಹಳದಿಯಾಗುತ್ತದೆ. ಹಣ್ಣಾದರೂ ಪಚ್ಚಗೇ ಉಳಿಯುವುದರಿಂದ ನಮಗೆ ಅದು ಪಚ್ಚಬಾಳೆ. ಜೆ.ಪಿ. ನಗರದ ಹವಾನಿಯಂತ್ರಿತ ಅಂಗಡಿಗಳಲ್ಲಿ ಅದೇ ಹಣ್ಣು ತಂಪುಕೋಣೆಯಲ್ಲಿ ಹಳದಿ ಸೀರೆ ಉಟ್ಟುಕೊಂಡು ಬಂದು ಎರಡರಷ್ಟು ಬೆಲೆ ಕೇಳುತ್ತದೆ. ತಂಪು ಒಳ್ಳೆಯದೆಂದು ಫ್ರಿಜ್ಜಿಗೆ ಹಾಕಿದಿರೋ, ಸಿಪ್ಪೆ ಕಪ್ಪಾಯಿತು. 13 ಡಿಗ್ರಿಗಿಂತ ಕೆಳಗೆ ಸಿಪ್ಪೆಯ ಜೀವಕಣಗಳು ಒಡೆದು, ಕತ್ತರಿಸಿಟ್ಟ ಬದನೆಕಾಯಿಯ ಹಾಗೆ ಕಪ್ಪಿಡುತ್ತವೆ.

ಚಾಟ್ಸ್‌ವರ್ತಿನ ಆ ದೊಡ್ಡ ಗಾಜಿನ ಮನೆ ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗಲಿಲ್ಲ, ಆಳುಗಳೂ ಉಳಿಯಲಿಲ್ಲ. ಒಲೆ ಆರಿತು, ಗಿಡಗಳು ಸತ್ತವು. 1920ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಆ ಜಾಗದಲ್ಲೀಗ ಬೇಲಿಗಿಡಗಳ ಚಕ್ರವ್ಯೂಹ ಬೆಳೆಸಿದ್ದಾರೆ, ಮಕ್ಕಳು ದಾರಿ ತಪ್ಪಿಸಿಕೊಂಡು ಕಿರುಚುತ್ತಿರುತ್ತಾರೆ. ಇನ್ನೊಂದು ಹೊಸ ಗಾಜಿನ ಮನೆಯಲ್ಲಿ ಬಾಳೆಯನ್ನು ಉಳಿಸಿಕೊಂಡಿದ್ದಾರೆ. ಐಸ್‌ಲ್ಯಾಂಡಿನವರದು ಜಾಣತನ. ಹ್ವೆರಾಗೆರ್ದಿ ಎಂಬ ಊರಿನಲ್ಲಿ ಭೂಮಿಯೊಳಗಿನ ಬಿಸಿನೀರಿನ ಕಾವಿನಿಂದಲೇ 1940ರ ದಶಕದಿಂದ ಬಾಳೆ ಬೆಳೆಯುತ್ತಾರೆ. ಕಾವು ಪುಕ್ಕಟೆ. ಆದರೆ ಬಿಸಿಲಿಲ್ಲವಲ್ಲ, ಗೊನೆ ಬಲಿಯಲು ಎರಡು ವರ್ಷ ಬೇಕು. ವ್ಯಾಪಾರಕ್ಕೆ ಆಗದು.

ನನ್ನ ಮಗಳಿಗೆ ಗಾಜಿನ ಮನೆಯೂ ಇಲ್ಲ, ಬಿಸಿನೀರಿನ ಬುಗ್ಗೆಯೂ ಇಲ್ಲ. ಅವಳ ಹಿತ್ತಲಿನಲ್ಲಿರುವುದು ಜಪಾನಿನವರು ಬಾಶೊ ಎನ್ನುವ ಬಾಳೆ. 17ನೇ ಶತಮಾನದಲ್ಲಿ ಒಬ್ಬ ಕವಿಯ ಗುಡಿಸಲ ಮುಂದೆ ಶಿಷ್ಯನೊಬ್ಬ ಅದನ್ನು ನೆಟ್ಟ. ಗಾಳಿಗೆ ಹರಿಯುವ ಅದರ ಎಲೆಯನ್ನು ಮೆಚ್ಚಿಕೊಂಡ ಆ ಕವಿ ಗಿಡದ ಹೆಸರನ್ನೇ ತನಗಿಟ್ಟುಕೊಂಡ. ಅದರ ಹಣ್ಣು ತಿನ್ನಲು ಬಾರದು, ಬರೀ ಬೀಜ. ಆದರೆ ಚಳಿಗೆ ಜಗ್ಗದು. ಹಿಮ ಬಿದ್ದು ಮೇಲಿನದೆಲ್ಲ ಕೊಳೆತರೂ, ಬುಡಕ್ಕೆ ದಪ್ಪನಾಗಿ ಹುಲ್ಲು ಮುಚ್ಚಿದ್ದರೆ ಗೆಡ್ಡೆ ಬದುಕಿ ವಸಂತದಲ್ಲಿ ಸುಳಿ ಹಾಕುತ್ತದೆ. ಪ್ರತಿ ನವೆಂಬರಿನಲ್ಲಿ ಅವಳು ಎಲೆ ಸವರಿ, ದಿಂಡಿಗೆ ಹುಲ್ಲು ಕಟ್ಟಿ, ಮೇಲೆ ಗೋಣಿ ಸುತ್ತುತ್ತಾಳೆ. ಎಳೆ ಬಾಣಂತಿಗೆ ಕಿವಿಗೆ ಹತ್ತಿಯಿಟ್ಟು ಸ್ಕಾರ್ಫು ಕಟ್ಟಿದ ಹಾಗೆ ಕಾಣುತ್ತದೆ. ಪಕ್ಕದ ಮನೆಯ ಮುದುಕಿ ಬೇಲಿಯ ಆಚೆಯಿಂದ "ಹಣ್ಣು ಬಿಡದ ಗಿಡಕ್ಕೆ ಇಷ್ಟು ಉಪಚಾರವೇ?" ಎಂದು ಕೇಳಿದಳಂತೆ. ಎಲೆಗೋಸ್ಕರ ಎಂದು ಇವಳು ಹೇಳಿದರೆ ಆಕೆಗೆ ಅರ್ಥವಾಗಲಿಲ್ಲ.

ನಮ್ಮ ಜಯನಗರದ ಹಿತ್ತಲು ಹೋಗಿ ಅಲ್ಲಿ ಕಾರು ನಿಲ್ಲುವಂತಾಗಿ ಬಹಳ ವರ್ಷವಾಯಿತು. ಬಚ್ಚಲ ನೀರು ನೆಲದಡಿಯ ಕೊಳವೆಗೆ ಹೋಗುತ್ತದೆ. ಎಲೆಯನ್ನು ನಾನು ಕೊಂಡೇ ತರುತ್ತೇನೆ. ಕಳೆದ ಗೌರಿಹಬ್ಬಕ್ಕೆ ಶೆಫೀಲ್ಡಿನಲ್ಲಿ ಮಗಳು ಆರು ಎಲೆ ಕೊಯ್ದಳು. ಗಾಳಿಗೆ ಸೀಳದೆ ಉಳಿದದ್ದು ಅಷ್ಟೇ. ಊಟಕ್ಕೆ ಬಂದವರು ಹನ್ನೊಂದು ಮಂದಿ. ಪ್ರತಿ ಎಲೆಯನ್ನೂ ಎರಡಾಗಿ ಕತ್ತರಿಸಿ, ಕುಡಿಯ ಭಾಗವನ್ನು ದೊಡ್ಡವರಿಗೆ ಹಾಕಿ, ಉಪ್ಪು ಕೋಸಂಬರಿಯಿಂದ ಬಡಿಸಲು ಶುರುಮಾಡಿದಳಂತೆ. ಒಂದು ತುಂಡು ಮಿಕ್ಕಿತು. ಅದನ್ನು ಪಕ್ಕದ ಮನೆಯ ಮುದುಕಿಯನ್ನು ಕರೆದು ಅವಳ ಮುಂದೆ ಹಾಸಿದಳು.