98ರಿಂದ ಎಕ್ಸ್‌ಪಿಗೆ: ಮನೆ ಕಂಪ್ಯೂಟರಿಗೆ ಕನ್ನಡ ಬಂದ ಕಥೆ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆದಿದ್ದೀನಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಪುಣೆಯಲ್ಲೋ ಹೈದರಾಬಾದಲ್ಲೋ ಇರೋ ನಮಗೆಲ್ಲ ಈಗ ಒಂದೇ ತಲೆನೋವು: ಊರಲ್ಲಿ ಅಪ್ಪ-ಅಮ್ಮನ ಮನೇಲಿರೋ ಹಳೇ ಕಂಪ್ಯೂಟರನ್ನ ಏನು ಮಾಡೋದು? ಹನ್ನೊಂದಕ್ಕೆ ಏರಿಸೋಣ ಅಂದ್ರೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಇದಕ್ಕೆ ಉತ್ತರ ಹುಡುಕೋ ಮುಂಚೆ ಇನ್ನೊಂದು ಹಳೇ ಅಪ್‌ಗ್ರೇಡಿನ ಕಥೆ ನೋಡಬೇಕು. ನನ್ನ ಪ್ರಕಾರ ಕನ್ನಡಿಗರ ಮಟ್ಟಿಗೆ 1995ರ ಆಗಸ್ಟಿನ ವಿಂಡೋಸ್ 95 ಅಷ್ಟು ದೊಡ್ಡ ಘಟನೆ ಅಲ್ಲ. ದೊಡ್ಡದು 2001ರ ಅಕ್ಟೋಬರ್ 25ರಂದು ಬಂದ ಎಕ್ಸ್‌ಪಿ.

ಆಗ ಮನೆಗಳಲ್ಲಿದ್ದದ್ದು ವಿಂಡೋಸ್ 98. ಬೆಂಗಳೂರಿನ ಎಸ್.ಪಿ. ರೋಡು, ಮುಂಬೈನ ಲ್ಯಾಮಿಂಗ್ಟನ್ ರೋಡು, ಚೆನ್ನೈನ ರಿಚಿ ಸ್ಟ್ರೀಟು, ದೆಹಲಿಯ ನೆಹರೂ ಪ್ಲೇಸು, ಇಂಥ ಕಡೆ ಬಿಡಿಭಾಗ ತಂದು ಜೋಡಿಸಿದ ಡಬ್ಬಗಳು. 98ಕ್ಕೆ 16 ಎಂಬಿ ರ್‍ಯಾಮ್ ಇದ್ರೆ ಸಾಕಿತ್ತು. ಎಕ್ಸ್‌ಪಿ ಕನಿಷ್ಠ 64 ಕೇಳ್ತಿತ್ತು, 128 ಇದ್ರೆ ಒಳ್ಳೇದು ಅಂತಿತ್ತು, ಡಿಸ್ಕಲ್ಲಿ 1.5 ಜಿಬಿ ಜಾಗ ಬೇರೆ. 95 ಇದ್ದವರಿಗೆ ನೇರ ಅಪ್‌ಗ್ರೇಡ್ ದಾರಿಯೇ ಇರಲಿಲ್ಲ. 98 ಇದ್ದವರು ಅದರ ಮೇಲೇ ಹಾಕ್ಕೊಳ್ಳಬಹುದಿತ್ತು, ಬೇಡ ಅನ್ನಿಸಿದ್ರೆ ವಾಪಸ್ಸೂ ಹೋಗಬಹುದಿತ್ತು. ಆದ್ರೆ ಡಿಸ್ಕನ್ನ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿಬಿಟ್ರೆ ಆ ಬಾಗಿಲು ಮುಚ್ಚಿತು. ಒಳಗಿನ ಅಡಿಪಾಯವೇ ಬೇರೆ: 98ರ ಕೆಳಗೆ ಡಾಸ್, ಎಕ್ಸ್‌ಪಿಯ ಕೆಳಗೆ ಎನ್‌ಟಿ. ಹಾಗಾಗಿ 98ಕ್ಕೆ ಅಂತಲೇ ಬರೆದ ಡ್ರೈವರ್ ಮಾತ್ರ ಇದ್ದ ಹಳೇ ಪ್ರಿಂಟರು, ಸ್ಕ್ಯಾನರು ಮೂಲೆ ಸೇರಿದವು.

ಇದಿಷ್ಟೂ ಎಲ್ಲರ ಕಥೆ. ನಮ್ಮ ಕಥೆ ಬೇರೆ.

98ರಲ್ಲಿ ಕನ್ನಡ ಬರೀತಿರಲಿಲ್ವಾ ಅಂದ್ರೆ, ಧಾರಾಳವಾಗಿ ಬರೀತಿದ್ರು. ಶೇಷಾದ್ರಿವಾಸು ಅವರ ಬರಹ ಇತ್ತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ದುಡ್ಡು ಕೊಡೋರಿಗೆ ಶ್ರೀಲಿಪಿ, ಆಕೃತಿ. ಆದ್ರೆ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತಿರಲಿಲ್ಲ. ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿರ್ತಿದ್ರು. ನುಡಿಯಲ್ಲಿ ‘ಕ’ ಅಂದ್ರೆ ಎರಡು ಚೂರು: ಇಂಗ್ಲಿಷಿನ ದೊಡ್ಡ ‘ಪಿ’ ಇರೋ ಜಾಗದಲ್ಲಿ ಕಕಾರದ ಮೈ, ಅದರ ಪಕ್ಕ ತಲೆಮೇಲೆ ಗೀಟಿರೋ ‘ಎ’ ಜಾಗದಲ್ಲಿ ತಲೆಕಟ್ಟು. ‘ಕನ್ನಡ’ ಅನ್ನೋ ಮೂರಕ್ಷರಕ್ಕೆ ಹೀಗೆ ಏಳು ಚೂರು. ಕಡತದ ಒಳಗೆ ಇರೋದು ಬರೀ ಆ ಏಳು ಸಂಕೇತ. ಫಾಂಟ್ ತೆಗೆದ್ರೆ ಪಿ, ಎ, ಕ್ಯೂ ಅಂತ ಏನೇನೋ ಕಾಣ್ಸುತ್ತೆ. ಅಕಾರಾದಿಯಾಗಿ ಜೋಡಿಸೋದು ಆಗಲ್ಲ. ಒಂದು ತಂತ್ರಾಂಶದಲ್ಲಿ ಬರೆದದ್ದನ್ನ ಇನ್ನೊಂದರಲ್ಲಿ ಹುಡುಕಿದ್ರೆ ಸಿಗಲ್ಲ.

ಯೂನಿಕೋಡಲ್ಲಿ ಅದೇ ಪದ ಐದು ಸಂಕೇತ: ಕ, ನ, ಹಲಂತ, ನ, ಡ. ಒತ್ತಕ್ಷರ ಕೂಡಿಸೋದು ವ್ಯವಸ್ಥೆಯ ಕೆಲಸ, ಬರೆಯೋರದ್ದಲ್ಲ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಪುಸ್ತಕದಲ್ಲಿತ್ತು, ಮನೆಗೆ ಬರೋಕೆ ಹತ್ತು ವರ್ಷ ಹಿಡೀತು. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂದವು. ಕನ್ನಡ, ತೆಲುಗು ಎಕ್ಸ್‌ಪಿಗೇ ಕಾಯಬೇಕಾಯ್ತು. ಜೊತೆಗೆ ತುಂಗಾ ಅನ್ನೋ ಫಾಂಟು. (ನದಿ ಹೆಸರು ಇಟ್ಟ ಪುಣ್ಯಾತ್ಮರಿಗೆ ನಮಸ್ಕಾರ.)

ಆದ್ರೂ ಎಕ್ಸ್‌ಪಿ ಹಾಕಿದ ತಕ್ಷಣ ಕನ್ನಡ ಸರಿಯಾಗಿ ಕಾಣ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಭಾಷೆ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕ್ಬೇಕು. ಹಾಕಿದ್ರೆ ಸೀಡಿ ಕೇಳುತ್ತೆ! ಅಂಗಡಿಯವನು ಹಾಕಿಕೊಟ್ಟ ಎಕ್ಸ್‌ಪಿಗೆ ಮನೇಲಿ ಎಲ್ಲಿಂದ ಸೀಡಿ? ಎಕ್ಸ್‌ಪಿಯಲ್ಲಿ ಆಕ್ಟಿವೇಶನ್ ಅನ್ನೋ ಕಾವಲು ಬಂದಿತ್ತು, ನಿಜ. ಕಂಪನಿಗಳಿಗೆ ಕೊಡ್ತಿದ್ದ ಆವೃತ್ತಿಗೆ ಅದು ಬೇಕಿರಲಿಲ್ಲ, ಅದರ ಕೀ ಸೋರಿ ಊರೆಲ್ಲ ಓಡಾಡ್ತಿತ್ತು. ಸ್ವಲ್ಪ ಜಾಣ ಅಂಗಡಿಯವರು ಸೀಡಿಯ ‘ಐ386’ ಫೋಲ್ಡರನ್ನ ಡಿ ಡ್ರೈವಿಗೆ ಹಾಕಿಕೊಡ್ತಿದ್ರು. ಅದಿದ್ದ ಮನೆಗೆ ಕನ್ನಡ ಬಂತು. ಇಲ್ಲದ ಮನೇಲಿ ಕನ್ನಡದ ವೆಬ್‌ಪುಟ ತೆರೆದ್ರೆ ಚೌಕಚೌಕ, ಇಲ್ಲಾ ಬಿಟ್ಟು ನಿಂತ ಒತ್ತಕ್ಷರ. ವಿಸ್ಟಾದಿಂದ ಆಚೆಗೆ ಈ ಟಿಕ್ ಕಾಟ ತಪ್ಪಿತು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಆ ಅಪ್‌ಗ್ರೇಡಲ್ಲಿ ಹಳೇ ಕನ್ನಡ ಕಡತ ಯಾವುದೂ ಹಾಳಾಗಲಿಲ್ಲ. ನುಡಿ, ಬರಹದ ಫಾಂಟು ಎಕ್ಸ್‌ಪಿಯಲ್ಲೂ ಇದ್ವಲ್ಲ, ಎಲ್ಲ ಮೊದಲಿನ ಹಾಗೇ ತೆರೀತಿತ್ತು. ಅದಕ್ಕೇ ಯಾರೂ ಯೂನಿಕೋಡಿಗೆ ಬದಲಾಯಿಸೋ ತಲೆಬಿಸಿಗೆ ಹೋಗಲಿಲ್ಲ. ಸಂಕಟ ಶುರುವಾದದ್ದು ಎರಡು ಕಂಪ್ಯೂಟರ್ ಆಚೆಗೆ, ಆ ಫಾಂಟುಗಳು ಇಲ್ಲದ ಹೊಸ ಯಂತ್ರದಲ್ಲಿ. ವರ್ಡ್ ಕಡತ ಆದ್ರೆ ಒಳಗೆ ಫಾಂಟಿನ ಹೆಸರಾದ್ರೂ ಇರುತ್ತೆ. ಬರೀ ಪಠ್ಯವಾಗಿ ಉಳಿಸಿದ್ರಲ್ಲಿ ಅದೂ ಇಲ್ಲ. ತಾತ ಟೈಪ್ ಮಾಡಿಸಿದ್ದ ವಂಶಾವಳಿ, ಅಮ್ಮನ ಭಜನೆ ಪಟ್ಟಿ, ಸಂಘದ ನಡಾವಳಿ, ಇವೆಲ್ಲ ಈಗ ‘ಕರಪ್ಟ್ ಆಗಿದೆ’ ಅಂತ ಡಿಲೀಟ್ ಆಗ್ತಿರೋದು ಹೀಗೇ. ಕರಪ್ಟ್ ಆಗಿರಲ್ಲ. ಅಲ್ಲಿರೋದು ಆ ಏಳು ಚೂರುಗಳು, ಸರಿಯಾದ ಕ್ರಮದಲ್ಲೇ ಇರ್ತವೆ.

ಹಾಗಾಗಿ ಹಬ್ಬಕ್ಕೆ ಊರಿಗೆ ಹೋದಾಗ ಆ ಡಬ್ಬವನ್ನ ಗುಜರಿಗೆ ಹಾಕೋ ಮುಂಚೆ, ಅದಕ್ಕೆ ಲಿನಕ್ಸ್ ಹಾಕೋದಿದ್ರೂ ಅಷ್ಟೇ, ಡಿಸ್ಕಿನ ಕಡತಗಳ ಜೊತೆಗೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಪೆನ್‌ಡ್ರೈವಿಗೆ ಎತ್ಕೊಳ್ಳಿ. ಬರಹದಲ್ಲಿ ಬರೆದವಾದ್ರೆ ‘.ಬಿಆರ್‌ಎಚ್’ ಅಂತ ಕೊನೆಯಾಗೋ ಹೆಸರುಗಳನ್ನ ಹುಡುಕಿ. ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕ ಬರಹದಲ್ಲೂ ಇದೆ, ನುಡಿಯಲ್ಲೂ ಇದೆ. ಅರ್ಕಾವತ್ತು ಮತ್ತು ಅಂಕಿಗಳ ಹತ್ರ ಒಮ್ಮೊಮ್ಮೆ ಎಡವುತ್ತೆ, ಅದನ್ನ ಕೂತು ಕಣ್ಣಲ್ಲೇ ತಿದ್ದಬೇಕು. ಪಕ್ಕದಲ್ಲಿ ಅಮ್ಮನ್ನ ಕೂರಿಸ್ಕೊಂಡ್ರೆ ಕೆಲಸ ಬೇಗ ಆಗುತ್ತೆ, ಭಜನೆ ಅವರಿಗೆ ಬಾಯಿಪಾಠ ಇರುತ್ತೆ.