ಹೆಲ್ಮೆಟ್ ತೆಗೆದಾಗ ಕಂಡ ಮುಖ

 

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಸಿನಿಮಾ ಮಾತು ಬಂತು. ಸಹೋದ್ಯೋಗಿಯೊಬ್ಬರು, "ಈ ಹಾಲಿವುಡ್‌ನೋರಿಗೆ ಏನಾಗಿದೆ ಸಾರ್? ಬೆಳ್ಳಗಿದ್ದ ಸೂಪರ್‌ಹೀರೋಗಳ ಪಾತ್ರಕ್ಕೆಲ್ಲ ಕಪ್ಪು ನಟರನ್ನ ಹಾಕ್ತಿದ್ದಾರೆ. ಮೂಲದಲ್ಲಿ ಹೇಗಿತ್ತೋ ಹಾಗೇ ಇರಬೇಕಲ್ವಾ?" ಅಂದರು. ನಾನು ಡಬ್ಬಿ ಮುಚ್ಚಿ ಸುಮ್ಮನೆ ಎದ್ದುಬಂದೆ. ಆದರೆ 'ಮೂಲ' ಅನ್ನೋ ಆ ಪದ ಮನೆವರೆಗೂ ಬೆನ್ನುಹತ್ತಿ ಬಂತು. ಹಾಗಾದರೆ ಆ ಮೂಲ ಹೇಗಿತ್ತು ಅಂತಲೇ ನೋಡೋಣ.

1938ರಲ್ಲಿ ಸೂಪರ್‌ಮ್ಯಾನ್ ಬಂದ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಯಹೂದಿ ವಲಸಿಗರ ಮಕ್ಕಳು. ತಾವೇ ಹೊರಗಿನವರು ಅನ್ನಿಸಿಕೊಂಡಿದ್ದ ಹುಡುಗರು. ಆದರೂ ಆ ಕಾಲದ ಕಾಮಿಕ್ಸ್‌ಗಳಲ್ಲಿ ಕಪ್ಪು ಜನ ಕಾಣಿಸಿದರೆ ದಪ್ಪ ತುಟಿಯ, ತೊದಲು ಮಾತಿನ ನಗೆಪಾಟಲಿನ ಪಾತ್ರವಾಗಿಯೇ ಹೆಚ್ಚು. ಇದನ್ನು ಸಹಿಸದೆ ಫಿಲಡೆಲ್ಫಿಯಾದ ಕಪ್ಪು ಪತ್ರಕರ್ತ ಓರಿನ್ ಇವಾನ್ಸ್ 1947ರಲ್ಲಿ 'ಆಲ್-ನೀಗ್ರೋ ಕಾಮಿಕ್ಸ್' ತಂದರು. ಬರೆದವರು, ಚಿತ್ರ ಬಿಡಿಸಿದವರು ಎಲ್ಲ ಕಪ್ಪು ಜನವೇ. ಬಂದದ್ದು ಒಂದೇ ಸಂಚಿಕೆ. ಎರಡನೆಯದಕ್ಕೆ ಅವರಿಗೆ ಕಾಗದ ಮಾರುವವರೇ ಸಿಗಲಿಲ್ಲ.

ಇನ್ನೊಂದು ಕತೆ ಕೇಳಿ. 1953ರಲ್ಲಿ ಇಸಿ ಅನ್ನೋ ಪ್ರಕಾಶನ 'ಜಡ್ಜ್‌ಮೆಂಟ್ ಡೇ' ಅಂತ ಪುಟ್ಟ ಚಿತ್ರಕತೆ ಪ್ರಕಟಿಸಿತು. ಭೂಮಿಯಿಂದ ಒಬ್ಬ ಗಗನಯಾತ್ರಿ ರೋಬೋಗಳ ಗ್ರಹಕ್ಕೆ ಹೋಗ್ತಾನೆ. ಅಲ್ಲಿ ಕಿತ್ತಳೆ ಬಣ್ಣದ ರೋಬೋಗಳದ್ದು ದರ್ಬಾರು. ನೀಲಿ ರೋಬೋಗಳಿಗೆ ಬೇರೆ ಕೇರಿ, ಬಸ್ಸಲ್ಲಿ ಹಿಂದಿನ ಸೀಟು. ಒಳಗಿನ ಯಂತ್ರ ಒಂದೇ, ಹೊರಗಿನ ತಗಡಿನ ಬಣ್ಣ ಮಾತ್ರ ಬೇರೆ. ನೀವಿನ್ನೂ ನಮ್ಮ ಒಕ್ಕೂಟ ಸೇರೋಕೆ ಯೋಗ್ಯರಾಗಿಲ್ಲ ಅಂತ ಹೇಳಿ ಅವನು ಹೊರಡ್ತಾನೆ. ಕೊನೇ ಚಿತ್ರದಲ್ಲಿ ಹೆಲ್ಮೆಟ್ ತೆಗೀತಾನೆ. ಕಪ್ಪು ಮನುಷ್ಯ, ಮುಖದ ಮೇಲೆ ಬೆವರ ಹನಿ.

1954ರಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್‌ಗಳಿಗೆ ಸೆನ್ಸಾರ್ ಮಂಡಳಿ ಮಾಡಿಕೊಂಡಿದ್ದರು. ಇಸಿಯವರು ಈ ಕತೆಯನ್ನು ಮತ್ತೆ ಅಚ್ಚು ಹಾಕೋಕೆ ಹೋದಾಗ ಆ ಮಂಡಳಿ ತಡೆಯಿತು. ಅವನು ಕಪ್ಪು ಮನುಷ್ಯ ಆಗಿರಬಾರದು ಅಂತ! ಪ್ರಕಾಶಕ ಬಿಲ್ ಗೇನ್ಸ್ ಇದನ್ನು ಬೀದಿಗೆ ತರ್ತೀನಿ ಅಂತ ಗದರಿದರು. ಆಗ ಮಂಡಳಿ, ಹೋಗ್ಲಿ, ಆ ಬೆವರನ್ನಾದರೂ ತೆಗೀರಿ ಅಂದಿತು. ಇಸಿಯವರು ಬೆವರನ್ನೂ ಬಿಡಲಿಲ್ಲ. 1956ರ ಸಂಚಿಕೆಯಲ್ಲಿ ಕತೆ ಇದ್ದ ಹಾಗೇ ಬಂತು. ಇಸಿಯ ಕೊನೆಯ ಕಾಮಿಕ್ ಪುಸ್ತಕ ಅದೇ.

ನೋಡಿ, ಇಲ್ಲಿ ಮೂಲದಲ್ಲೇ ಕಪ್ಪಾಗಿದ್ದವನನ್ನು ಬೆಳ್ಳಗೆ ಮಾಡಿ ಅಂದರು. ಮೂಲದ ಬಗ್ಗೆ ಇರೋ ಈ ಪ್ರೀತಿ ಆವಾಗ ಎಲ್ಲಿತ್ತು?

1966ರ ಜುಲೈನಲ್ಲಿ ಸ್ಟ್ಯಾನ್ ಲೀ, ಜಾಕ್ ಕರ್ಬಿ 'ಬ್ಲ್ಯಾಕ್ ಪ್ಯಾಂಥರ್' ತಂದರು. ಅದೇ ಅಕ್ಟೋಬರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿತು. ಪಾರ್ಟಿಯ ಜೊತೆ ತಮ್ಮ ನಾಯಕನನ್ನು ಯಾರೂ ತಳಕು ಹಾಕದಿರಲಿ ಅಂತ ಮಾರ್ವೆಲ್ 1972ರಲ್ಲಿ ಸ್ವಲ್ಪ ಕಾಲ ಅವನನ್ನು 'ಬ್ಲ್ಯಾಕ್ ಲೆಪರ್ಡ್' ಅಂತ ಕರೆಯಿತು. ಅದೇ 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದವರು ಆ ಪಾರ್ಟಿಯಿಂದಲೇ ಹೆಸರು ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದರು. ಕಂಪನಿ ಅಂಜಿದ ಹೆಸರನ್ನು ನಮ್ಮ ಹುಡುಗರು ಎದೆಗೆ ಹಚ್ಚಿಕೊಂಡರು.

2011ರ 'ಥಾರ್' ಸಿನಿಮಾದಲ್ಲಿ ನಾರ್ಡಿಕ್ ದೇವತೆ ಹೈಮ್‌ಡಾಲ್ ಪಾತ್ರವನ್ನು ಇಡ್ರಿಸ್ ಎಲ್ಬಾ ಮಾಡಿದ್ದಕ್ಕೆ ಬಿಳಿಯರ ಗುಂಪೊಂದು ಬಹಿಷ್ಕಾರಕ್ಕೆ ಕರೆಕೊಟ್ಟಿತು. ಸುತ್ತಿಗೆ ಬೀಸಿ ಸಿಡಿಲು ತರಿಸೋದನ್ನ ನಂಬ್ತಾರೆ, ಬಾಗಿಲು ಕಾಯೋ ದೇವರು ಕಪ್ಪಗಿದ್ದರೆ ಮಾತ್ರ ನಂಬೋಕಾಗಲ್ಲ.

ಹಾಗಂತ ಬಣ್ಣ ಬದಲಾದರೆ ಎಲ್ಲ ಸರಿಹೋಯ್ತು ಅಂತಲೂ ನಾನು ಹೇಳಲ್ಲ. ಬೇರೆಯವರು ತೊಟ್ಟು ಬಿಟ್ಟ ಅಂಗಿ ನಮಗ್ಯಾಕೆ, ನಮ್ಮದನ್ನೇ ಹೊಲಿದುಕೊಳ್ಳೋಣ ಅನ್ನೋ ವಾದವೂ ಇದೆ. 1993ರಲ್ಲಿ ಡ್ವೇನ್ ಮೆಕ್‌ಡಫಿ ಮತ್ತು ಗೆಳೆಯರು 'ಮೈಲ್‌ಸ್ಟೋನ್' ಅನ್ನೋ ತಮ್ಮದೇ ಸಂಸ್ಥೆ ಕಟ್ಟಿ ತಮ್ಮದೇ ನಾಯಕರನ್ನು ತಂದರು. ನನಗನ್ನಿಸೋದು, ಎರಡೂ ಬೇಕು. ಹಳೇ ಮನೆಯ ಬಾಗಿಲೂ ತೆರೀಬೇಕು, ನಮ್ಮದೇ ಮನೆಯೂ ಏಳಬೇಕು. ಆದರೆ ಪರದೆ ಮೇಲಿನ ಮುಖದ ಜೊತೆ, ಕತೆ ಬರೆಯೋ ಕೈ ಯಾರದು, ಕಾಗದ ಯಾರ ಹತ್ತಿರ ಇದೆ ಅಂತಲೂ ಕೇಳ್ತಾ ಇರಬೇಕು. ಇವಾನ್ಸ್ ಸೋತದ್ದು ಪ್ರತಿಭೆ ಇಲ್ಲದೆ ಅಲ್ಲ, ಕಾಗದ ಇಲ್ಲದೆ.

ನಾಳೆ ಊಟಕ್ಕೆ ಕೂತಾಗ ಆ ಸಹೋದ್ಯೋಗಿಗೆ ಬೆವರ ಹನಿಯ ಕತೆ ಹೇಳ್ತೀನಿ. ಈ ಸಲ ಡಬ್ಬಿ ಮುಚ್ಚಿ ಎದ್ದುಬರಲ್ಲ.

ಜೈ ಭೀಮ್.